ಗೆರೆಯಲ್ಲಿ ಮೂಡಿದ ಗೌನು

ಉಡುಪಿನ ಚಿತ್ರವೆಂದರೆ ಬರಿಯ ಜಾಹೀರಾತೆಂದು ಬಗೆಯುವವರುಂಟು. ಆದರೆ ಅದಕ್ಕೂ ತನ್ನದೇ ಆದ ಒಂದು ಭಾಷೆಯಿದೆ.

1947ರ ಫೆಬ್ರವರಿ 12ರಂದು ಪ್ಯಾರಿಸಿನಲ್ಲಿ ಕ್ರಿಶ್ಚಿಯನ್ ಡಿಯೋರ್ ತನ್ನ ಹೆಸರಿನ ಸಂಸ್ಥೆಯ ಮೊದಲ ಉಡುಪುಗಳನ್ನು ಪ್ರದರ್ಶಿಸಿದನು. ಸಣ್ಣ ನಡು, ಹೂವಿನಂತೆ ಅರಳಿದ ಉದ್ದನೆಯ ಲಂಗ. ಈ ರೀತಿಗೆ ‘ನ್ಯೂ ಲುಕ್’ ಎಂಬ ಹೆಸರು ಬಂದಿತು. ಡಿಯೋರನ ಗೌನುಗಳನ್ನು ಚಿತ್ರಿಸಿ ಪ್ರಸಿದ್ಧನಾದವನು ಇಟಲಿಯಲ್ಲಿ ಹುಟ್ಟಿದ ರೆನೆ ಗ್ರುವೊ (1909–2004).

ಗ್ರುವೊನ ಕುಂಚ ನೆರಿಗೆಗಳನ್ನು ಒಂದೊಂದಾಗಿ ಎಣಿಸುವುದಿಲ್ಲ. ದಪ್ಪನಾದ ಒಂದು ಕಪ್ಪು ಗೆರೆ ಹೆಗಲಿನಿಂದಿಳಿದು ಲಂಗದ ಅಂಚನ್ನು ಮುಟ್ಟಿದರೆ ಸಾಕು. ಉಳಿದುದನ್ನು ಬಿಳಿಯ ಕಾಗದವೇ ಹೇಳುತ್ತದೆ. ಮನುಷ್ಯನ ಎತ್ತರ ಸಾಮಾನ್ಯವಾಗಿ ತಲೆಯ ಉದ್ದದ ಸುಮಾರು 7½ ಪಟ್ಟು. ಉಡುಪಿನ ಚಿತ್ರಗಳಲ್ಲಿ ಅದು 9ಕ್ಕೂ ಏರುವುದುಂಟು. ಹೆಚ್ಚಿದ ಉದ್ದ ಬಹುಮಟ್ಟಿಗೆ ಕಾಲುಗಳಿಗೇ ಸಲ್ಲುತ್ತದೆ.

ಆದರೆ ಕಾಗದದ ಮೇಲೆ ಒಂದೇ ಎಳೆತಕ್ಕೆ ಸಣ್ಣದಾಗುವ ನಡು ಬಟ್ಟೆಯಲ್ಲಿ ಹಾಗಾಗದು. ಅದಕ್ಕೆ ಒಳಗೆ ಬಿಗಿಯಾದ ಕಟ್ಟು ಬೇಕು. ಲಂಗಕ್ಕೆ ಗಜಗಟ್ಟಲೆ ಬಟ್ಟೆ ಬೇಕು. ಹೊಲಿಯಲು ಹಲವು ಕೈಗಳು ಬೇಕು. ಆಗ ಬ್ರಿಟನ್ನಿನಲ್ಲಿ ಉಡುಪಿಗೆ ಪಡಿತರವಿತ್ತು. 1941ರಲ್ಲಿ ಬಂದ ಆ ಕಟ್ಟಳೆ ತೊಲಗಿದುದು 1949ರಲ್ಲಿ. ಕೂಪನ್ ಎಣಿಸುತ್ತಿದ್ದ ಅಲ್ಲಿಯ ಹೆಂಗಸಿಗೆ ಇಂತಹ ಚಿತ್ರ ಕಣ್ಣಿಗೆ ಹಬ್ಬ, ಕೈಗೆಟುಕದ ಹಣ್ಣು.

ಗ್ರುವೊನ ಗೆರೆಯ ಸೊಗಸನ್ನು ಮನಸಾರೆ ಮೆಚ್ಚೋಣ. ಜೊತೆಗೆ ಅವನು ಬರೆಯದೆ ಬಿಟ್ಟ ಹೊಲಿಗೆಯನ್ನೂ, ಹೊಲಿದವರನ್ನೂ ನೆನೆಯೋಣ.