ಇಂದಿನ ಅನ್ನವೂ ನಾಳಿನ ಅಕ್ಷರವೂ

ಹರಿಹರ ತಾಲ್ಲೂಕಿನ ಸಾರಥಿ ಗ್ರಾಮದ ಕಡೆ ಭತ್ತದ ನಾಟಿ ನಡೆಯುತ್ತಿದ್ದಾಗ ಒಂದು ಸಂಜೆ ನಾವು ಬಡ ಕುಟುಂಬವೊಂದನ್ನು ಸಂದರ್ಶಿಸಿದೆವು. ಒಂಬತ್ತನೆಯ ತರಗತಿಯ ಮಗಳು ಶಾಲೆ ಬಿಟ್ಟು ಎರಡು ವಾರಗಳಾಗಿದ್ದವು. ತಾಯಿ ಗದ್ದೆಗೆ ಹೋದರೆ ಎಳೆಯ ತಮ್ಮನನ್ನು ನೋಡಿಕೊಳ್ಳುವವಳು ಅವಳೇ. ವಿದ್ಯೆಯ ಮಹತ್ವವನ್ನು ಕುರಿತು ನಾವು ಹೇಳಿದ್ದನ್ನೆಲ್ಲ ಆ ತಾಯಿ ತಾಳ್ಮೆಯಿಂದ ಕೇಳಿದರು. ಕೊನೆಗೆ, "ಸ್ವಾಮಿ, ಅವಳು ಓದಿದರೆ ಹತ್ತು ವರ್ಷಕ್ಕೆ ಅನ್ನ ಬಂದೀತು. ಈ ವಾರದ ಅನ್ನಕ್ಕೆ ಏನು ಮಾಡಲಿ?" ಎಂದರು. ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ.

ವಿದ್ಯೆಯಿಲ್ಲದ್ದರಿಂದ ಬಡತನ, ಬಡತನವಿರುವುದರಿಂದ ವಿದ್ಯೆಯಿಲ್ಲ. ತರ್ಕಶಾಸ್ತ್ರವು ಇಂಥದನ್ನು ಅನ್ಯೋನ್ಯಾಶ್ರಯವೆಂದು ಕರೆಯುತ್ತದೆ. ಒಳಗಿರುವವರು ತಾವಾಗಿಯೇ ಈ ಸುಳಿಯಿಂದ ಹೊರಬರುವುದು ಕಷ್ಟ. ದಡದ ಮೇಲಿರುವವರು ಕೈನೀಡಬೇಕು.

ಬಡ ದೇಶಗಳ ಮಕ್ಕಳೆಲ್ಲರೂ ಓದಲು ಕಲಿತು ಶಾಲೆ ಮುಗಿಸಿದರೆ 17.1 ಕೋಟಿ ಜನ ದಾರಿದ್ರ್ಯದಿಂದ ಪಾರಾಗಬಲ್ಲರೆಂದು 2014ರಲ್ಲಿ ಪ್ರಕಟವಾದ ಯುನೆಸ್ಕೋ ವರದಿ ಅಂದಾಜಿಸಿತು. ಆದರೆ ಆ ಫಲ ಕೈಸೇರುವುದು ವರ್ಷಗಳ ನಂತರ. ಬೆಲೆ ತೆರಬೇಕಾದುದು ಇಂದು. ಶುಲ್ಕವಿಲ್ಲದ ಶಾಲೆಗೂ ಒಂದು ಬೆಲೆಯುಂಟು: ಕೈಬಿಟ್ಟ ಕೂಲಿ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಹಿಂದೆ ಎಳೆಯ ಕೈಗಳು ದುಡಿದದ್ದು ಹೆತ್ತವರಿಗೆ ಮಮತೆಯಿಲ್ಲದ್ದರಿಂದಲ್ಲ, ಈ ಬೆಲೆಯನ್ನು ತೆರಲಾರದ್ದರಿಂದ.

ಈ ಬೆಲೆಯಲ್ಲಿ ಸಮಾಜವು ಪಾಲು ಹೊತ್ತಾಗ ಶಾಲೆಯ ಹಾದಿ ಸುಗಮವಾಗುತ್ತದೆ. 2002ರಲ್ಲಿ ರಾಜ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಬಳಿಕ ಎಲ್ಲೆಡೆ ಹರಡಿದ ಅಕ್ಷರ ದಾಸೋಹವು ಒಂದು ಹೊತ್ತಿನ ಊಟವನ್ನು ಶಾಲೆಗೇ ತಂದಿತು. ಆದರೆ ಶಿಕ್ಷಣ ಹಕ್ಕಿನ ಕಾಯಿದೆಯ ರಕ್ಷಣೆ ಹದಿನಾಲ್ಕನೆಯ ವಯಸ್ಸಿಗೆ ನಿಲ್ಲುತ್ತದೆ. ನಾವು ಕಂಡ ಆ ಬಾಲಕಿ ನಿಂತಿದ್ದುದು ಅದೇ ಹೊಸ್ತಿಲಿನಲ್ಲಿ.

ಅಕ್ಷರದಿಂದ ಸಿಗುವುದು ನೌಕರಿಯೊಂದೇ ಅಲ್ಲ. ಒಂದು ಕಾಲಕ್ಕೆ ಹತ್ತಿಗಿರಣಿಗಳಿಂದ ಹೆಸರಾದ ದಾವಣಗೆರೆಯಲ್ಲಿ ಗಿರಣಿಗಳು ಒಂದೊಂದಾಗಿ ನಿಂತವು. ಯಂತ್ರ ನಿಂತರೆ ಕೈಯ ಕೆಲಸ ಹೋದೀತು. ಕಲಿಯುವುದನ್ನು ಕಲಿತ ಮನಸ್ಸಿಗೆ ಇನ್ನೊಂದು ಕೆಲಸವನ್ನು ಅರಸುವ ಧೈರ್ಯವಿರುತ್ತದೆ.

ಸಮಾರಿಯದ ಆ ದಯಾಳು ಗಾಯ ಕಟ್ಟಿ ಹೊರಟುಬಿಡಲಿಲ್ಲ. ಗುಣವಾಗುವವರೆಗಿನ ಛತ್ರದ ಖರ್ಚನ್ನೂ ತಾನೇ ವಹಿಸಿಕೊಂಡನು. ಬಡ ಮಗುವಿನ ಓದಿಗೂ ಅಂಥ ಜಾಮೀನುದಾರರು ಬೇಕು. ನಮ್ಮ ಮನೆಗಳ ಮದುವೆ, ಪ್ರಥಮ ಪರಮಪ್ರಸಾದದ ಔತಣಗಳಲ್ಲಿ ಒಂದು ಪಂಕ್ತಿಯ ಖರ್ಚನ್ನು ಉಳಿಸಿದರೆ, ಯಾವ ಜಾತಿಮತದ್ದೇ ಆಗಲಿ, ನೆರೆಯ ಒಂದು ಮಗುವಿನ ವರ್ಷದ ಪುಸ್ತಕಗಳಿಗೆ ನೆರವಾದೀತು.

ಹಣವೇ ಬೇಕೆಂದೇನೂ ಇಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರ ಕೊಟ್ಟವರು ನಾವಲ್ಲ, ನೆರೆಮನೆಯ ವೃದ್ಧೆ. "ಮಗುವನ್ನು ನನ್ನಲ್ಲಿ ಬಿಟ್ಟು ಹೋಗು" ಎಂದರು, ಅಷ್ಟೆ. ಸೋಮವಾರ ಬಾಲಕಿ ಶಾಲೆಗೆ ಹೋದಳು.

ನಾಟಿ ಮುಂದಿನ ವರ್ಷವೂ ಬರುತ್ತದೆ. ಪ್ರಿಯರೇ, ನಮ್ಮ ನಮ್ಮ ಬೀದಿಯಲ್ಲಿ ಅಂದು ಯಾವ ಮಗು ಮನೆಯಲ್ಲಿ ಉಳಿದೀತೆಂದು ಇಂದೇ ವಿಚಾರಿಸೋಣ.