ಅಡ್ರಿನಲ್ ಗ್ರಂಥಿಗಳೂ ಮನಸ್ಸಿನ ಸ್ವಾಸ್ಥ್ಯವೂ

ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನಪತ್ರಿಕೆ ಕೈಸೇರುವ ಮುನ್ನ ಎದೆ ಡವಗುಟ್ಟುವುದು, ಅಂಗೈ ಬೆವರುವುದು ನಮ್ಮೆಲ್ಲರ ಅನುಭವ. ಮನಸ್ಸಿನಲ್ಲಿ ಹುಟ್ಟಿದ ಭಯ ಹೀಗೆ ದೇಹವನ್ನು ಅಲುಗಿಸುತ್ತದೆ. ಇದಕ್ಕೆ ವಿಪರ್ಯಾಯವಾಗಿ, ದೇಹದ ಒಂದು ಪುಟ್ಟ ಅಂಗ ಕೆಟ್ಟರೆ ಮನಸ್ಸು ಕದಡಬಲ್ಲುದೇ? ಕದಡಬಲ್ಲುದು. ಅಡ್ರಿನಲ್ ಗ್ರಂಥಿಗಳೇ ಇದಕ್ಕೆ ನಿದರ್ಶನ.

ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಿಟ್ಟಂತೆ ಕುಳಿತಿರುವ ಈ ಎರಡು ನಿರ್ನಾಳ ಗ್ರಂಥಿಗಳ ತೂಕ ತಲಾ 4-5 ಗ್ರಾಂ ಮಾತ್ರ. ಇವುಗಳ ಒಳತಿರುಳಿನಿಂದ ಅಡ್ರಿನಲಿನ್, ಹೊರಪದರದಿಂದ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ನೇರವಾಗಿ ರಕ್ತವನ್ನು ಸೇರುತ್ತವೆ. ಕಾರ್ಟಿಸಾಲಿನ ಮಟ್ಟ ಮುಂಜಾನೆ ಏರಿ, ನಡುರಾತ್ರಿಯ ವೇಳೆಗೆ ಇಳಿಯುತ್ತದೆ. ನೀರಿನ ತೊಟ್ಟಿ ತುಂಬುತ್ತಿದ್ದಂತೆ ತೇಲುಗುಂಡು ಮೇಲೆದ್ದು ನಲ್ಲಿಯನ್ನು ಮುಚ್ಚುವುದನ್ನು ನಾವು ನೋಡಿದ್ದೇವೆ. ಹಾಗೆಯೇ ರಕ್ತದಲ್ಲಿ ಕಾರ್ಟಿಸಾಲ್ ಹೆಚ್ಚಿದಾಗ ಮೆದುಳೂ ಅದರ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯೂ ತಮ್ಮ ಪ್ರಚೋದನೆಯನ್ನು ತಗ್ಗಿಸುತ್ತವೆ. ಈ ಏರ್ಪಾಡು ಕೆಟ್ಟಾಗಲೇ ತೊಂದರೆ.

ಕಾರ್ಟಿಸಾಲ್ ಮಿತಿಮೀರಿದರೆ ಬರುವ ರೋಗವನ್ನು ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಷಿಂಗ್ 1912ರಲ್ಲಿ ವರ್ಣಿಸಿದರು. ಪಿಟ್ಯುಟರಿಯಲ್ಲಿಯೋ ಅಡ್ರಿನಲ್ ಗ್ರಂಥಿಯಲ್ಲಿಯೋ ಬೆಳೆದ ಗಡ್ಡೆ ಇದಕ್ಕೆ ಕಾರಣವಾಗಬಹುದು. ರೋಗಿಯ ಮುಖ ಹುಣ್ಣಿಮೆಯ ಚಂದ್ರನಂತೆ ದುಂಡಗಾಗುತ್ತದೆ. ಒಡಲು ದಪ್ಪವಾಗಿ ಕೈಕಾಲುಗಳು ಸೊರಗುತ್ತವೆ. ಇದರೊಡನೆ ಖಿನ್ನತೆ, ಸಿಡುಕು, ನಿದ್ರಾಹೀನತೆ, ಮರೆವು ಸೇರಿಕೊಳ್ಳುತ್ತವೆ. ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಎಂಬ ಮೆದುಳಿನ ಭಾಗದಲ್ಲಿ ಕಾರ್ಟಿಸಾಲನ್ನು ಗ್ರಹಿಸುವ ಅಣುಗಳು ಹೇರಳವಾಗಿವೆ. ಈ ರೋಗದಲ್ಲಿ ಆ ಭಾಗ ಕುಗ್ಗುವುದುಂಟು. ಚಿಕಿತ್ಸೆಯ ಬಳಿಕ ಅದು ಸ್ವಲ್ಪಮಟ್ಟಿಗೆ ಚೇತರಿಸಿಕೊಳ್ಳಬಲ್ಲುದು.

ಕೊರತೆಯ ಪರಿಣಾಮ ಬೇರೆ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ವಿವರಿಸಿದ ರೋಗದಲ್ಲಿ ಹೊರಪದರವೇ ನಾಶವಾಗುತ್ತದೆ. ಹಿಂದೆ ಇದಕ್ಕೆ ಕ್ಷಯವೇ ಮುಖ್ಯ ಕಾರಣವಾಗಿತ್ತು. ಚರ್ಮ ಕಪ್ಪಾಗುತ್ತದೆ, ತೂಕ ಇಳಿಯುತ್ತದೆ, ಉಪ್ಪಿನ ಬಯಕೆ ಹೆಚ್ಚುತ್ತದೆ. ಆದರೆ ಎಷ್ಟೋ ವೇಳೆ ಮೊದಲು ಕಣ್ಣಿಗೆ ಬೀಳುವುದು ಆಯಾಸ, ನಿರುತ್ಸಾಹಗಳೇ. ಮನೆಯವರು ಅದನ್ನು ಸೋಮಾರಿತನವೆಂದು ಗದರಿಸುವುದೂ ಉಂಟು.

ಒಳತಿರುಳಿನಲ್ಲಿ ಅಪರೂಪವಾಗಿ ಬೆಳೆಯುವ ಒಂದು ಬಗೆಯ ಗಡ್ಡೆ ಅಡ್ರಿನಲಿನ್ ಮತ್ತು ಅದರ ಬಂಧುಹಾರ್ಮೋನುಗಳನ್ನು ಹಠಾತ್ತನೆ ಸುರಿಸುತ್ತದೆ. ಆಗ ತಲೆನೋವು, ಬೆವರು, ಎದೆಬಡಿತಗಳೊಡನೆ ಕಾರಣವಿಲ್ಲದ ಭೀತಿ ಆವರಿಸಬಹುದು. ಇದನ್ನು ಬರಿಯ ಮಾನಸಿಕ ಆತಂಕವೆಂದು ಬಗೆಯುವ ಸಂಭವವುಂಟು.

ಹಾರ್ಮೋನಿಗೂ ಮನಸ್ಸಿಗೂ ಇರುವ ನಂಟಿಗೆ ಇನ್ನೊಂದು ಸಾಕ್ಷ್ಯ ಔಷಧಿಯಿಂದಲೇ ದೊರೆಯಿತು. ಕೀಲುವಾತಕ್ಕೆ ಕಾರ್ಟಿಸೋನ್ ನೀಡಿದ ಫಲವನ್ನು ಅಮೆರಿಕದ ಫಿಲಿಪ್ ಹೆಂಚ್, ಎಡ್ವರ್ಡ್ ಕೆಂಡಲ್ ಮತ್ತು ಅವರ ಸಂಗಡಿಗರು 1949ರಲ್ಲಿ ಪ್ರಕಟಿಸಿದರು. ಹಾಸಿಗೆ ಹಿಡಿದಿದ್ದವರು ಎದ್ದು ನಡೆದರು. ಆದರೆ ಈ ಔಷಧಿಯ ಬಳಕೆ ಹಬ್ಬಿದಂತೆ, ಕೆಲವರಲ್ಲಿ ಅತಿಯಾದ ಉಲ್ಲಾಸ, ಕೆಲವರಲ್ಲಿ ಖಿನ್ನತೆ, ಮತ್ತೆ ಕೆಲವರಲ್ಲಿ ಬುದ್ಧಿಭ್ರಮಣೆ ಕಾಣಿಸಿಕೊಂಡವು.

ಹಾಗೆಂದು ಎಲ್ಲ ದುಃಖವೂ ಗ್ರಂಥಿಯ ದೋಷವೆಂದು ನಾವು ಭಾವಿಸಬಾರದು. ಈ ರೋಗಗಳು ವಿರಳ. ಆದರೆ ಖಿನ್ನತೆಯೊಡನೆ ಮೇಲಣ ದೇಹಲಕ್ಷಣಗಳೂ ಕಂಡರೆ ವೈದ್ಯರ ಪರೀಕ್ಷೆ ಅವಶ್ಯಕ. ಬಹುಕಾಲ ಸ್ಟೀರಾಯ್ಡ್ ಗುಳಿಗೆ ಸೇವಿಸಿದವರು ಅದನ್ನು ತಾವಾಗಿ ಒಮ್ಮೆಗೇ ನಿಲ್ಲಿಸಬಾರದು. ಅಷ್ಟು ದಿನ ಕೆಲಸ ತಗ್ಗಿಸಿದ್ದ ಗ್ರಂಥಿ ಒಡನೆಯೇ ಎಚ್ಚರಗೊಳ್ಳಲಾರದು, ಪ್ರಾಣಕ್ಕೇ ಅಪಾಯ ಒದಗಬಹುದು. ಮಂಕಾಗಿ ಕುಳಿತ ಗೆಳೆಯನನ್ನು ಹಳಿಯುವ ಮುನ್ನ, ಅವನ ದೇಹ ಏನನ್ನೋ ಹೇಳುತ್ತಿರಬಹುದೆಂದು ನಾವು ಒಂದು ಕ್ಷಣ ಯೋಚಿಸೋಣ.