ಉಗುರಿನಡಿಯ ಬೂಷ್ಟಿಗೆ ಹನಿ ಮದ್ದು

2015ರ ಫೆಬ್ರವರಿಯಲ್ಲಿ ಅಮೆರಿಕದ ಸೂಪರ್ ಬೌಲ್ ಪಂದ್ಯ ನಡೆಯುತ್ತಿತ್ತು. 30 ಸೆಕೆಂಡಿನ ಜಾಹೀರಾತಿಗೆ ಸುಮಾರು 45 ಲಕ್ಷ ಡಾಲರ್ ದರ. ಕಾರು, ಬಿಯರು, ಚಿಪ್ಸುಗಳ ನಡುವೆ ಅಂದು ಪರದೆಗೆ ಬಂದದ್ದು ಕಾಲುಗುರಿನ ಫಂಗಸ್ಸಿಗೆ ಹಚ್ಚುವ ಮದ್ದು, ಜುಬ್ಲಿಯಾ. ಊಟದ ತಟ್ಟೆ ಹಿಡಿದು ಕೂತವರಿಗೆ ಇದೇನು ಹೊತ್ತಲ್ಲದ ಹೊತ್ತಿನಲ್ಲಿ ಎನಿಸಿದ್ದರೆ ತಪ್ಪಿಲ್ಲ. ಆದರೆ ಕಂಪನಿಯ ಲೆಕ್ಕಾಚಾರ ಸರಿಯಾಗಿಯೇ ಇತ್ತು. ವಯಸ್ಸಾದಂತೆ ಹೆಚ್ಚುವ, ಹೇಳಿಕೊಳ್ಳಲು ಮುಜುಗರಪಡುವ, ಒಮ್ಮೆ ಹಿಡಿದರೆ ವರ್ಷಗಟ್ಟಲೆ ಬಿಡದ ಕಾಯಿಲೆ ಇದು.

ಬಹುಪಾಲು ಪ್ರಕರಣಗಳಲ್ಲಿ ಇದಕ್ಕೆ ಕಾರಣ ಟ್ರೈಕೊಫೈಟಾನ್ ರೂಬ್ರಮ್ ಎಂಬ ಶಿಲೀಂಧ್ರ. ಚರ್ಮದ ಮೇಲೆ ಹುಳುಕಡ್ಡಿ ಎಬ್ಬಿಸುವ ಬಳಗದ್ದೇ. ಕೂದಲು, ಕೊಂಬು, ಉಗುರುಗಳಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅದರ ಆಹಾರ. ಸಾಮಾನ್ಯವಾಗಿ ಕಾಲ್ಬೆರಳ ಸಂದಿಯಲ್ಲಿ ತುರಿಕೆಯಾಗಿ ಶುರುವಾಗಿ, ಉಗುರಿನ ತುದಿಯ ಅಡಿಯಿಂದ ಒಳಸೇರುತ್ತದೆ. ಉಗುರು ಹಳದಿಗಟ್ಟುತ್ತದೆ, ದಪ್ಪವಾಗುತ್ತದೆ, ಪುಡಿಪುಡಿಯಾಗಿ ಏಳುತ್ತದೆ.

ಮಾತ್ರೆಯಿದೆ. ಕಾಲುಗುರಿಗೆ ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದರಂತೆ 12 ವಾರ. ಇಂದಿಗೂ ಅದೇ ಹೆಚ್ಚು ಗುಣ ಕೊಡುವ ಮದ್ದು. ಆದರೆ ಯಕೃತ್ತಿನ ತೊಂದರೆ ಇದ್ದವರಿಗೆ ಅದು ಹೊಂದುವುದಿಲ್ಲ, ಬೇರೆ ಕೆಲವು ಮಾತ್ರೆಗಳ ಜೊತೆಗೂ ಹೊಂದುವುದಿಲ್ಲ. ಈ ಕಾಯಿಲೆ ಹೆಚ್ಚಾಗಿ ಕಾಡುವುದು, ಹತ್ತಾರು ಮಾತ್ರೆ ನುಂಗುತ್ತಿರುವ ಹಿರಿಯರನ್ನೇ.

ಹಾಗಾದರೆ ಮೇಲೆ ಮುಲಾಮು ಸವರಿದರೆ ಸಾಲದೇ? ಶಿಲೀಂಧ್ರವನ್ನು ಕೊಲ್ಲುವುದು ಪ್ರಯೋಗಾಲಯದ ತಟ್ಟೆಯಲ್ಲಿ ಸುಲಭ. ಕಷ್ಟವಿರುವುದು ಮದ್ದನ್ನು ಅದಿರುವ ಜಾಗಕ್ಕೆ ತಲುಪಿಸುವುದರಲ್ಲಿ. ಚರ್ಮದಲ್ಲಿ ಜಿಡ್ಡಿನಂಶ ಹೆಚ್ಚು, ಮುಲಾಮು ಇಳಿಯುತ್ತದೆ. ಉಗುರಿನಲ್ಲಿ ಜಿಡ್ಡು ತೀರಾ ಕಡಿಮೆ. ಅದು ನೀರು ಹೀರುವ ಬಿಗಿಯಾದ ಹೆಣಿಗೆ, ದೊಡ್ಡ ಅಣುಗಳಿಗೆ ದಾರಿ ಕೊಡುವುದಿಲ್ಲ. ನುಸುಳಿದ ಅಣುಗಳಲ್ಲೂ ಹಲವು ಕೆರಾಟಿನ್ನಿಗೇ ಅಂಟಿಕೊಂಡುಬಿಡುತ್ತವೆ. ಬೆಂಗಳೂರಿಗೆ ಹೊರಟ ಬಸ್ಸಿನವರೆಲ್ಲ ತುಮಕೂರಿನಲ್ಲೇ ಇಳಿದುಬಿಟ್ಟ ಹಾಗೆ.

ಮೊದಲು ಹೊಳೆದ ಉಪಾಯ ನೇಲ್ ಪಾಲಿಶ್ ರೂಪದ ಮದ್ದು. ಹಚ್ಚಿದ ಮೇಲೆ ದ್ರಾವಕ ಆರಿಹೋಗುತ್ತದೆ, ಉಳಿದ ಪದರದಲ್ಲಿ ಮದ್ದಿನ ಸಾಂದ್ರತೆ ಕೆಲವು ಪಟ್ಟು ಏರುತ್ತದೆ. ಸೈಕ್ಲೊಪಿರಾಕ್ಸ್ ಎಂಬ ಇಂಥ ಲೇಪಕ್ಕೆ ಅಮೆರಿಕ 1999ರಲ್ಲಿ ಅನುಮತಿ ಕೊಟ್ಟಿತು. ಸುಮಾರು ಒಂದು ವರ್ಷ ದಿನವೂ ಹಚ್ಚಿದರೂ ಪೂರ್ತಿ ಗುಣವಾದವರು ಶೇ 5.5ರಿಂದ 8.5ರಷ್ಟು ಮಂದಿ ಮಾತ್ರ.

2014ರಲ್ಲಿ ಎರಡು ಹೊಸ ಮದ್ದುಗಳು ಅಮೆರಿಕದ ಪೇಟೆಗೆ ಬಂದವು. ಜುಬ್ಲಿಯಾ ಎಂಬ ಹೆಸರಿನಲ್ಲಿ ಮಾರಾಟವಾಗುವ ಎಫಿನಕೊನಜೋಲ್ ಜಪಾನಿನ ಕಾಕೆನ್ ಕಂಪನಿಯ ಕೂಸು. ಕೆರಾಟಿನ್ನಿಗೆ ಅದು ಅಷ್ಟಾಗಿ ಅಂಟುವುದಿಲ್ಲ. ದ್ರಾವಣ ತೆಳುವಾಗಿ ಹರಡಿ, ಉಗುರಿಗೂ ಅದರಡಿಯ ಚರ್ಮಕ್ಕೂ ನಡುವಿನ ಸಂದಿಗೂ ಇಳಿಯುತ್ತದೆ. ಇನ್ನೊಂದು, ಟವಾಬೊರೋಲ್. ಬೋರಾನ್ ಪರಮಾಣು ಇರುವ ಪುಟ್ಟ ಅಣು. ಪುಟ್ಟದಾದ್ದರಿಂದಲೇ ಉಗುರನ್ನು ಹೊಗುತ್ತದೆ, ಹೊಕ್ಕು ಶಿಲೀಂಧ್ರ ಪ್ರೋಟೀನ್ ಕಟ್ಟುವ ಕೆಲಸವನ್ನೇ ನಿಲ್ಲಿಸುತ್ತದೆ. ಎಫಿನಕೊನಜೋಲಿನ ಎರಡು ದೊಡ್ಡ ಪರೀಕ್ಷೆಗಳಲ್ಲಿ ಪೂರ್ತಿ ಗುಣವಾದವರು ಶೇ 17.8 ಮತ್ತು 15.2. ಟವಾಬೊರೋಲಿನಲ್ಲಿ ಶೇ 6.5 ಮತ್ತು 9.1.

ಇಷ್ಟಕ್ಕೇ ಇಷ್ಟು ಸದ್ದೇ ಎಂದು ಕೇಳಬಹುದು. ಆದರೆ ಅದೇ ಎಫಿನಕೊನಜೋಲ್ ಪರೀಕ್ಷೆಗಳಲ್ಲಿ ಶೇ 55 ಮತ್ತು 53ರಷ್ಟು ಜನರ ಉಗುರಲ್ಲಿ ಶಿಲೀಂಧ್ರ ಸಿಗಲೇ ಇಲ್ಲ. ‘ಪೂರ್ತಿ ಗುಣ’ ಎನ್ನಬೇಕಾದರೆ ಶಿಲೀಂಧ್ರ ಇಲ್ಲವಾಗಿದ್ದರೆ ಸಾಲದು, ಉಗುರು ಕಲೆಯಿಲ್ಲದೆ ಚೊಕ್ಕವಾಗಿರಬೇಕು. ಕಾಲುಗುರು ತಿಂಗಳಿಗೆ ಬೆಳೆಯುವುದು ಒಂದೂವರೆ ಮಿಲಿಮೀಟರಿನಷ್ಟು. ಹೆಬ್ಬೆರಳಿನದು ಬುಡದಿಂದ ತುದಿಗೆ ಹೊಸದಾಗಲು ವರ್ಷ, ಒಂದೂವರೆ ವರ್ಷ. ಪರೀಕ್ಷೆ ಮುಗಿಯುವುದು 52ನೇ ವಾರಕ್ಕೆ. ಉಗುರಿಗೆ ಆ ಅವಸರವಿಲ್ಲ.

ಈ ಅಂತರವನ್ನು ಇನ್ನೂ ನಿಚ್ಚಳವಾಗಿ ತೋರಿಸಿದ್ದು ಸ್ವೀಡನ್ನಿನ ಮೊಬರ್ಗ್ ಕಂಪನಿ. ಮಾತ್ರೆಯ ಟರ್ಬಿನಾಫಿನ್ನನ್ನೇ ಅದು ಹಚ್ಚುವ ಮದ್ದಾಗಿಸಿತು. ಯುರೋಪಿನ ಪರೀಕ್ಷೆಯಲ್ಲಿ ಶಿಲೀಂಧ್ರ ಬಹುಪಾಲು ಮಂದಿಯಲ್ಲಿ ಅಳಿಯಿತು, ಹೋಲಿಕೆಗೆ ಇಟ್ಟ ಸೈಕ್ಲೊಪಿರಾಕ್ಸಿನಲ್ಲಿ ಶೇ 42. ಪೂರ್ತಿ ಗುಣ ಮಾತ್ರ ಶೇ 2 ಕೂಡ ಮುಟ್ಟಲಿಲ್ಲ! ಮದ್ದು ಉಗುರಿಗೆ ತೇವ ಹಿಡಿಸಿ ಬಿಳಿಚಿಸುತ್ತಿತ್ತು, ಬಿಳಿಚಿದ ಉಗುರು ಚೊಕ್ಕವಲ್ಲ ಎಂದೇ ಲೆಕ್ಕ. 2024ರ ಆರಂಭದಲ್ಲಿ ಟರ್ಕ್ಲಾರಾ ಎಂಬ ಹೆಸರಿನಲ್ಲಿ ಅದು ಸ್ವೀಡನ್ನಿನ ಅಂಗಡಿಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಉತ್ತರ ಅಮೆರಿಕದ ಹೊಸ ಪರೀಕ್ಷೆ ಗುರಿ ಮುಟ್ಟಲಿಲ್ಲ.

ಭಾರತದಲ್ಲಿ ಅಮೊರಾಲ್ಫಿನ್, ಸೈಕ್ಲೊಪಿರಾಕ್ಸ್ ಲೇಪಗಳು ಹಿಂದಿನಿಂದ ಬಳಕೆಯಲ್ಲಿವೆ. ಇಲ್ಲಿನ ತಲೆನೋವು ಬೇರೆಯದು. ಟರ್ಬಿನಾಫಿನ್ನಿಗೆ ಬಗ್ಗದ ಶಿಲೀಂಧ್ರವೊಂದು ಚರ್ಮದ ಹುಳುಕಡ್ಡಿಯಲ್ಲಿ ಹಬ್ಬಿದೆ. ಅದಕ್ಕೆ 2020ರಲ್ಲಿ ಜಪಾನಿನ ಸಂಶೋಧಕರು ಇಟ್ಟ ಹೆಸರು ಟ್ರೈಕೊಫೈಟಾನ್ ಇಂಡೊಟೀನಿಯೆ. ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆಸಿದ ಮುಲಾಮುಗಳು ಇಂಥ ಸೋಂಕನ್ನು ಮತ್ತಷ್ಟು ಹಟಮಾರಿಯಾಗಿಸುತ್ತವೆ ಎಂದು ಚರ್ಮವೈದ್ಯರು ದೂರುತ್ತಲೇ ಇದ್ದಾರೆ. ಬೇರೆ ದಾರಿಯಲ್ಲಿ ಕೆಲಸಮಾಡುವ ಎಫಿನಕೊನಜೋಲ್, ಟವಾಬೊರೋಲ್‌ಗಳತ್ತ ಕುತೂಹಲ ಮೂಡಲು ಇದೂ ಒಂದು ಕಾರಣ.

ಇಷ್ಟೆಲ್ಲ ಆದಮೇಲೂ, ಕೆಟ್ಟು ಕಾಣುವ ಉಗುರುಗಳಲ್ಲಿ ಸುಮಾರು ಅರ್ಧಕ್ಕಷ್ಟೇ ಫಂಗಸ್ ಕಾರಣ. ಸೋರಿಯಾಸಿಸ್ ಇದ್ದರೂ, ಬಿಗಿಯಾದ ಶೂ ಒತ್ತಿದರೂ ಉಗುರು ಹಾಗೆಯೇ ಹಳದಿಗಟ್ಟುತ್ತದೆ. ಆದ್ದರಿಂದ ವರ್ಷವಿಡೀ ಹನಿ ಹಾಕಲು ಕೂರುವ ಮೊದಲು ಉಗುರಿನ ಅಡಿಯಿಂದ ಚೂರು ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ ಸೂಕ್ಷ್ಮದರ್ಶಕದಡಿ ನೋಡಿಸುವುದು ಒಳಿತು. ತಿಂಗಳುಗಟ್ಟಲೆ ಕೊಳ್ಳಬೇಕಾದ ಸೀಸೆಗಳ ಮುಂದೆ ಅದರ ಖರ್ಚು ಏನೂ ಅಲ್ಲ.